ರಾಜಾ ರವಿವರ್ಮ: ಕೊಲ್ಲೂರಿನಿಂದ ಮೈಸೂರಿನವರೆಗೆ ಒಂದು ಕುಂಚದ ಸಂಚಾರ

ರಾಜಾ ರವಿವರ್ಮ (1848–1906) ಎಂಬ ಹೆಸರು ಕೇಳಿದೊಡನೆ ಬಹುತೇಕ ಕನ್ನಡಿಗರಿಗೆ ನೆನಪಾಗುವುದು ದೇವರ ಮನೆಯ ಗೋಡೆಯ ಮೇಲಿನ ಲಕ್ಷ್ಮಿ ಮತ್ತು ಸರಸ್ವತಿಯರ ಪಟಗಳು. ಆದರೆ ಅವರ ಜೀವಿತಕಾಲದಲ್ಲಿ ಅವರಿಗೆ ಅನ್ನ, ಹೆಸರು ಮತ್ತು ಓಡಾಟದ ಅವಕಾಶ ತಂದುಕೊಟ್ಟದ್ದು ಮೊದಲಿಗೆ ದೇವರಲ್ಲ, ಮನುಷ್ಯರ ಮುಖಗಳು. ಅವರು ವೃತ್ತಿಯಿಂದ ಭಾವಚಿತ್ರಕಾರರು. ಒಬ್ಬ ಅರಸನ ಚಿತ್ರ ಮುಗಿಸಿ ಇನ್ನೊಬ್ಬ ಅರಸನ ಕರೆಗೆ ಕಾದು, ಸಿಕ್ಕ ಮೇಲೆ ಬಣ್ಣ ಕುಂಚಗಳ ಸಮೇತ ರೈಲು ಹತ್ತುತ್ತಿದ್ದವರು. ಪುರಾಣದ ಚಿತ್ರಗಳಿಗೆ ಬೇಕಾದ ಮುಖ, ಉಡುಗೆ, ಕೂರುವ ಭಂಗಿಗಳೆಲ್ಲ ಈ ಅಲೆದಾಟದ ಸಂಪಾದನೆ. ಆ ಹಾದಿಯ ಮೊದಲ ತುದಿಯಲ್ಲಿ ಕೊಲ್ಲೂರಿದೆ, ಕೊನೆಯ ತುದಿಯಲ್ಲಿ ಮೈಸೂರಿದೆ.

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ತಿರುವಾಂಕೂರಿನ ರಾಜಮನೆತನ ಮಾತೃವಂಶೀಯವಾದದ್ದು. ಅಲ್ಲಿನ ರಾಣಿಯರಿಗೆ ಪತಿಯರನ್ನು ಒದಗಿಸುತ್ತಿದ್ದ ಕೋಯಿಲ್ ತಂಬುರಾನ್ ಮನೆತನಗಳಲ್ಲಿ ಕಿಳಿಮಾನೂರಿನದೂ ಒಂದು. ಆ ಮನೆಯಲ್ಲಿ ಸಾಹಿತ್ಯ, ಸಂಗೀತ, ಕಥಕಳಿ ದಿನನಿತ್ಯದ ಮಾತಾಗಿದ್ದವು. 'ರಾವಣವಿಜಯಂ' ಎಂಬ ಪ್ರಸಿದ್ಧ ಆಟಕ್ಕಥೆಯನ್ನು ರಚಿಸಿದ ವಿದ್ವಾನ್ ಕೋಯಿಲ್ ತಂಬುರಾನ್ ಇದೇ ಮನೆತನದವರು. ರವಿವರ್ಮರ ತಾಯಿ ಉಮಾಂಬಾ ಬಾಯಿ 'ಪಾರ್ವತೀ ಸ್ವಯಂವರಂ' ಎಂಬ ತುಳ್ಳಲ್ ಕೃತಿಯನ್ನು ಬರೆದರು. ಅದನ್ನು ಮುಂದೆ ಮಗನೇ ಅಚ್ಚು ಹಾಕಿಸಿದರು. ತಂಗಿ ಮಂಗಳಾ ಬಾಯಿ, ತಮ್ಮ ಸಿ. ರಾಜರಾಜ ವರ್ಮ ಇಬ್ಬರೂ ಚಿತ್ರಕಾರರು. ಸೋದರಮಾವ ರಾಜರಾಜ ವರ್ಮ ತಂಜಾವೂರು ಶೈಲಿಯಲ್ಲಿ ಕೈ ಪಳಗಿದವರಾಗಿದ್ದು, ಹುಡುಗನ ಮೊದಲ ಗುರುವಾದರು. ರವಿವರ್ಮರ ಹೆಸರಿನ ಹಿಂದಿರುವ 'ರಾಜಾ' ಎಂಬುದಕ್ಕೂ ಅರಸೊತ್ತಿಗೆಗೂ ಸಂಬಂಧವಿಲ್ಲ. 1904ರಲ್ಲಿ ಬ್ರಿಟಿಷ್ ಸರ್ಕಾರ ಕೈಸರ್-ಎ-ಹಿಂದ್ ಪದಕ ನೀಡಿದಾಗ ಆ ಹೆಸರು ಅಧಿಕೃತವಾಗಿ ಬಳಕೆಗೆ ಬಂತು, ತಿರುವಾಂಕೂರಿನ ಅರಮನೆಯಲ್ಲಿ ಅದು ಒಂದಿಷ್ಟು ಮುನಿಸಿಗೂ ಕಾರಣವಾಯಿತು.

1862ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಸೋದರಮಾವ ಅವರನ್ನು ತಿರುವನಂತಪುರಕ್ಕೆ ಕರೆತಂದರು. ಆಗ ಆಳುತ್ತಿದ್ದ ಆಯಿಲ್ಯಂ ತಿರುನಾಳ್ ಮಹಾರಾಜರು ಕಲಾಪ್ರೇಮಿ. ಸ್ವತಃ ಹೆಸರಾಂತ ಗಾಯಕರು. ವಾಗ್ಗೇಯಕಾರ ಸ್ವಾತಿ ತಿರುನಾಳ್ ತೀರಿಕೊಂಡು ಎರಡು ದಶಕವೂ ಆಗಿರದ ಆ ಆಸ್ಥಾನದಲ್ಲಿ ಕಛೇರಿಗಳಿಗೆ ಬರವಿರಲಿಲ್ಲ. ಹುಡುಗನಿಗೆ ಬೇಕಾಗಿದ್ದ ತೈಲವರ್ಣದ ವಿದ್ಯೆ ಮಾತ್ರ ಸುಲಭವಾಗಿ ಸಿಗಲಿಲ್ಲ. ಆಸ್ಥಾನದಲ್ಲಿ ಅದನ್ನು ಬಲ್ಲವರು ರಾಮಸ್ವಾಮಿ ನಾಯ್ಕರ್. ಅವರು ಕಲಿಸಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಗುರುವಿನ ಕಣ್ಣು ತಪ್ಪಿಸಿ ಒಂದಿಷ್ಟು ಹೇಳಿಕೊಟ್ಟರೆಂದು ಜೀವನಚರಿತ್ರೆಗಳು ಹೇಳುತ್ತವೆ. 1868ರಲ್ಲಿ ಅರಮನೆಗೆ ಬಂದ ಯುರೋಪಿನ ಭಾವಚಿತ್ರಕಾರ ಥಿಯೋಡೋರ್ ಜೆನ್ಸನ್ ಕೂಡ ಪಾಠ ಮಾಡಲಿಲ್ಲ. ತಾವು ಕೆಲಸ ಮಾಡುವಾಗ ನಿಂತು ನೋಡಲು ಮಾತ್ರ ಅನುಮತಿ ಕೊಟ್ಟರು. ಅಂದರೆ ಭಾರತದಲ್ಲಿ ತೈಲವರ್ಣ ಎಂದರೆ ಇವರೇ ಎಂಬಂತಾದ ಕಲಾವಿದ ಆ ವಿದ್ಯೆಯನ್ನು ಬಹುಮಟ್ಟಿಗೆ ಕದ್ದು ಮತ್ತು ಕಂಡು ಕಲಿತರು.

ಮೂಕಾಂಬಿಕೆಯ ಸನ್ನಿಧಿಯಿಂದ ಮೊದಲ ಸಂಭಾವನೆ

1870ರಲ್ಲಿ ರವಿವರ್ಮರು ಕೊಲ್ಲೂರಿನ ಮೂಕಾಂಬಿಕಾ ಕ್ಷೇತ್ರಕ್ಕೆ ಯಾತ್ರೆ ಬಂದರು. ಕಲೆಯನ್ನೇ ಬದುಕಾಗಿ ಸ್ವೀಕರಿಸುವ ಮುನ್ನ ದೇವಿಯ ಸನ್ನಿಧಿಯಲ್ಲಿ 41 ದಿನಗಳ ವ್ರತ ಕೈಗೊಂಡರೆಂಬುದು ಅವರ ಬದುಕಿನ ಎಲ್ಲ ಕಥನಗಳಲ್ಲೂ ಬರುವ ಸಂಗತಿ. ವಿದ್ಯಾರಂಭಕ್ಕೆಂದು ಮಲಯಾಳಿಗಳು ಇಂದಿಗೂ ಮಕ್ಕಳನ್ನು ಕರೆತರುವ, ಕಲಾವಿದರು ಅರಂಗೇಟ್ರಕ್ಕೆ ಬರುವ ಕ್ಷೇತ್ರವದು. ಯುವ ಚಿತ್ರಕಾರನ ಆಯ್ಕೆಯಲ್ಲಿ ಅಚ್ಚರಿಯೇನಿಲ್ಲ. ಆಗ ಕೊಲ್ಲೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು.

ಯಾತ್ರೆಗಿಂತ ಮುಖ್ಯವಾದದ್ದು ಹಿಂದಿರುಗುವ ದಾರಿಯಲ್ಲಿ ನಡೆಯಿತು. ಕಲ್ಲಿಕೋಟೆಯಲ್ಲಿ ನ್ಯಾಯಾಧೀಶರಾಗಿದ್ದ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ ತಮ್ಮ ಕುಟುಂಬದ ಚಿತ್ರ ಬರೆಯಲು ಕೇಳಿಕೊಂಡರು; ಅದಕ್ಕೆ ಹಣವನ್ನೂ ಕೊಟ್ಟರು. ರವಿವರ್ಮರ ಮೊದಲ ಸಂಭಾವನೆಯ ಕೆಲಸ ಎಂದು ಗುರುತಿಸಲಾಗುವುದು ಇದನ್ನೇ. ಇಂದಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಅಂದು ರಾಜಮನೆತನದ ಬಂಧುವಾದ, 1866ರಲ್ಲಿ ಮಾವೇಲಿಕರದ ರಾಜಕುಟುಂಬದ ಅಳಿಯನಾದ ಕ್ಷತ್ರಿಯನೊಬ್ಬ ಚಿತ್ರ ಬರೆದು ಕೂಲಿ ಪಡೆಯುವುದೆಂದರೆ ಕುಶಲಕರ್ಮಿಯ ಸಾಲಿನಲ್ಲಿ ನಿಂತಂತೆ. ರವಿವರ್ಮರು ನಿಂತರು. ಊರಿಗೆ ಮರಳಿ ಮಹಾರಾಜ ದಂಪತಿಯ ಚಿತ್ರ ಬರೆದಾಗ ಆಯಿಲ್ಯಂ ತಿರುನಾಳ್ ಅವರಿಗೆ 'ವೀರಶೃಂಖಲೆ' ತೊಡಿಸಿ ಗೌರವಿಸಿದರು.

ಮುಂದಿನ ವರ್ಷಗಳಲ್ಲಿ ಬಹುಮಾನಗಳು ಬಂದವು. 1873ರಲ್ಲಿ ಮದರಾಸಿನ ಕಲಾಪ್ರದರ್ಶನದಲ್ಲಿ ಮುಡಿಗೆ ಹೂ ಮುಡಿಯುತ್ತಿರುವ ನಾಯರ್ ಮಹಿಳೆಯ ಚಿತ್ರಕ್ಕೆ ಚಿನ್ನದ ಪದಕ ದೊರೆಯಿತು. ವಿಯೆನ್ನಾದ ಪ್ರದರ್ಶನದಲ್ಲೂ ಮನ್ನಣೆ ಸಿಕ್ಕಿತು. 1876ರಲ್ಲಿ ದುಷ್ಯಂತನಿಗೆ ಓಲೆ ಬರೆಯುತ್ತಿರುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಕೊಂಡರು. ಎರಡು ವರ್ಷದ ನಂತರ ಅದೇ ಗವರ್ನರ್ ತಮ್ಮ ಪೂರ್ಣಪ್ರಮಾಣದ ಭಾವಚಿತ್ರಕ್ಕಾಗಿ ಅವರೆದುರು ಕುಳಿತರು.

ತಂತಿಯ ಮೇಲಿನ ಬೆರಳು

ಬಹುಮಾನ ಪಡೆದ ಆರಂಭದ ಚಿತ್ರಗಳಲ್ಲಿ 1874ರ ಒಂದು ವಿಶೇಷವಾದದ್ದು. ತಮಿಳು ಮಹಿಳೆಯೊಬ್ಬಳು ಸ್ವರಬತ್ ನುಡಿಸುತ್ತಿರುವ ಚಿತ್ರವದು. ಸ್ವರಬತ್ ಎಂದರೆ ದಕ್ಷಿಣದ ಆಸ್ಥಾನಗಳಲ್ಲಿ ಬಳಕೆಯಲ್ಲಿದ್ದ, ಮೀಟಿ ನುಡಿಸುವ ತಂತಿವಾದ್ಯ. ಈಗ ಕಛೇರಿಗಳಲ್ಲಿ ಕಾಣಸಿಗುವುದು ಬಹಳ ಅಪರೂಪ. 1875ರಲ್ಲಿ ಭಾರತಕ್ಕೆ ಬಂದ ವೇಲ್ಸ್ ರಾಜಕುಮಾರ, ಅಂದರೆ ಮುಂದೆ ಏಳನೇ ಎಡ್ವರ್ಡ್ ಆದವರಿಗೆ, ಈ ಚಿತ್ರವನ್ನು ಉಡುಗೊರೆಯಾಗಿ ಕೊಡಲಾಯಿತು.

ಆಮೇಲೆ ಜೀವನದುದ್ದಕ್ಕೂ ವೀಣೆ ಹಿಡಿದ ಹೆಂಗಸರು ಅವರ ಚಿತ್ರಗಳಿಗೆ ಮತ್ತೆ ಮತ್ತೆ ಬರುತ್ತಾರೆ. ಇದಕ್ಕೆ ಭಾವುಕ ಕಾರಣಗಳನ್ನಷ್ಟೇ ಹುಡುಕಬೇಕಿಲ್ಲ. ಭಾವಚಿತ್ರಕಾರನಿಗೆ ದೊಡ್ಡ ತಲೆನೋವೆಂದರೆ ಎದುರು ಕುಳಿತವರ ಕೈಗಳು. ಏನೂ ಮಾಡದ ಕೈ ಚಿತ್ರದಲ್ಲಿ ಮರದ ತುಂಡಿನಂತೆ ಕಾಣುತ್ತದೆ. ವಾದ್ಯವೊಂದನ್ನು ಮಡಿಲಲ್ಲಿಟ್ಟರೆ ಬೆರಳಿಗೆ ಕೆಲಸ ಸಿಗುತ್ತದೆ, ಕತ್ತು ತುಸು ಬಾಗುತ್ತದೆ, ಕಣ್ಣು ನೋಡುಗನನ್ನು ಬಿಟ್ಟು ಒಳಗೆ ತಿರುಗುತ್ತದೆ. ಸಂಗೀತದ ಮನೆಯಲ್ಲಿ ಬೆಳೆದವರಿಗೆ ಆ ಒಳನೋಟದ ಗುರುತು ಚೆನ್ನಾಗಿಯೇ ಇತ್ತು. ಅವರ ಸರಸ್ವತಿ ಬಂಡೆಯ ಮೇಲೆ ಕುಳಿತು ವೀಣೆ ನುಡಿಸುವ ರೀತಿಯನ್ನು ನೋಡಿದರೆ, ಅವಳು ದೇವಿಯಾಗುವ ಮೊದಲು ಮನೆಯ ಜಗಲಿಯಲ್ಲಿ ಅಭ್ಯಾಸಕ್ಕೆ ಕುಳಿತ ಹೆಣ್ಣುಮಗಳಾಗಿದ್ದಳು ಎನ್ನಿಸದಿರದು.

ಮುಂಬಯಿಯ ದಿನಗಳಲ್ಲಿ ಈ ನಂಟು ಹಿಂದೂಸ್ತಾನಿ ಸಂಗೀತದತ್ತ ಚಾಚಿತು. ಭೆಂಡಿಬಜಾರ್ ಘರಾಣೆಯ ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ರವಿವರ್ಮರ ಕೆಲವು ಚಿತ್ರಗಳಿಗೆ ಸ್ಫೂರ್ತಿಯಾಗಿದ್ದರೆಂಬ ಮಾತು ಸಂಗೀತ ವಲಯದಲ್ಲಿ ಪ್ರಸಿದ್ಧ. 'ಮೋಹಿನಿ'ಯ ಹೆಸರನ್ನು ಈ ಸಂಬಂಧ ಹೇಳುತ್ತಾರೆ. ಸ್ವರಬತ್ ಚಿತ್ರವನ್ನೂ ಕೆಲವರು ಈ ಪಟ್ಟಿಗೆ ಸೇರಿಸುವುದುಂಟು. ಅಂಜನಿಬಾಯಿ ಹುಟ್ಟಿದ್ದೇ 1883ರಲ್ಲಿ ಆದ್ದರಿಂದ 1874ರ ಚಿತ್ರದ ಮಟ್ಟಿಗಂತೂ ಅದು ಸಾಧ್ಯವಿಲ್ಲದ ಮಾತು. ಅಂಜನಿಬಾಯಿ 1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಗೌರವ ಪಡೆದರು. ಬೆಳಗಾವಿ ಸೀಮೆಯ ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಅವರಲ್ಲಿ ಕಲಿತವರು. ಕಿಶೋರಿ ಅಮೋಣಕರ್ ಅವರಿಗೂ ಅಂಜನಿಬಾಯಿಯ ಪಾಠವಾಗಿತ್ತು.

ಬರೋಡೆಯ ಕರೆ

ರವಿವರ್ಮರು ತಿರುವಾಂಕೂರಿನಿಂದ ಹೊರಬಿದ್ದದ್ದು ಬರೀ ಪ್ರವಾಸದ ಹಂಬಲದಿಂದಲ್ಲ. 1880ರಲ್ಲಿ ಆಯಿಲ್ಯಂ ತಿರುನಾಳ್ ತೀರಿಕೊಂಡರು. ಪಟ್ಟಕ್ಕೆ ಬಂದ ವಿಶಾಖಂ ತಿರುನಾಳ್ ಅವರೊಂದಿಗೆ ಕಲಾವಿದರ ಸಂಬಂಧ ಹಳಸಿತು. ಆಸ್ಥಾನದ ಆಶ್ರಯವನ್ನು ನೆಚ್ಚಿಕೊಂಡವನಿಗೆ ಒಬ್ಬ ಅರಸನ ಸಾವು ಎಂದರೆ ಕಾಲ ಕೆಳಗಿನ ನೆಲವೇ ಸರಿದಂತೆ. ಆ ಹೊತ್ತಿಗೆ ನೆರವಾದವರು ಸರ್ ಟಿ. ಮಾಧವರಾವ್. ಹಿಂದೆ ತಿರುವಾಂಕೂರಿನ ದಿವಾನರಾಗಿದ್ದ ಅವರು ಆಗ ಬರೋಡೆಯ ಆಡಳಿತ ನಡೆಸುತ್ತಿದ್ದರು. ಸಯಾಜಿರಾವ್ ಗಾಯಕವಾಡರು ಅಧಿಕಾರ ವಹಿಸಿಕೊಳ್ಳುವ ಸಂದರ್ಭಕ್ಕೆ, 1881ರಲ್ಲಿ, ಅವರು ರವಿವರ್ಮರನ್ನು ಕರೆಸಿಕೊಂಡರು. ತಮ್ಮ ರಾಜರಾಜ ವರ್ಮರೂ ಜೊತೆಗಿದ್ದರು. ಅಣ್ಣತಮ್ಮಂದಿರು ತಿಂಗಳುಗಟ್ಟಲೆ ಅಲ್ಲಿದ್ದು ಯುವ ಮಹಾರಾಜರ, ದಿವಾನರ ಮತ್ತು ರಾಜಕುಟುಂಬದವರ ಚಿತ್ರಗಳನ್ನು ಬರೆದರು. ಮಹಾರಾಣಿ ಒಂದನೇ ಚಿಮ್ನಾಬಾಯಿ ತಂಜಾವೂರಿನ ರಾಜಕುಮಾರಿ. ಮದುವೆಯಾಗಿ ಬರುವಾಗ ತಂಜಾವೂರಿನ ನರ್ತಕಿಯರನ್ನೂ ವಾದ್ಯಗಾರರನ್ನೂ ಕರೆತಂದಿದ್ದರು. ದೂರದ ಗುಜರಾತಿನಲ್ಲಿ ರವಿವರ್ಮರಿಗೆ ದಕ್ಷಿಣದ ಮೇಳವೇ ಎದುರಾದಂತಾಯಿತು.

ಅರಮನೆಯ ಭಾವಚಿತ್ರ ಎಂದರೆ ಮುಖಸಾಮ್ಯ ಮಾತ್ರವಲ್ಲ. ಅರಸರಿಗೆ ತಮ್ಮ ಮುತ್ತಿನ ಹಾರದ ಎಳೆ ಎಳೆಯೂ ಕಾಣಬೇಕಿತ್ತು. ತಂಜಾವೂರು ಶೈಲಿಯಲ್ಲಿ ಆಭರಣಕ್ಕೆ ನಿಜವಾದ ಚಿನ್ನದ ರೇಕು, ಹರಳುಗಳನ್ನು ಅಂಟಿಸುತ್ತಾರೆ. ಅದೇ ಹೊಳಪನ್ನು ರವಿವರ್ಮರು ಹಳದಿ, ಕಂದು, ಬಿಳಿ ಬಣ್ಣಗಳಿಂದಲೇ ತಂದರು. ಜರಿಯ ಅಂಚು, ಮಖಮಲ್ಲಿನ ಮಡಿಕೆ, ರೇಷ್ಮೆಯ ಮೇಲೆ ಬಿದ್ದ ಬೆಳಕು ಇವುಗಳಲ್ಲಿ ಅವರನ್ನು ಮೀರಿಸುವವರು ಆಗ ದೇಶದಲ್ಲಿರಲಿಲ್ಲ. ತೀರಿಕೊಂಡವರ ಚಿತ್ರವಾದರೆ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಬರೆಯಬೇಕು. 1901ರಲ್ಲಿ ಉದಯಪುರಕ್ಕೆ ಹೋದಾಗ ಮಹಾರಾಣಾ ಪ್ರತಾಪನ ಚಿತ್ರ ಬರೆಯಬೇಕಾಯಿತು; ಮುನ್ನೂರು ವರ್ಷ ಹಿಂದಿನ ವೀರನಿಗೆ ಛಾಯಾಚಿತ್ರವೆಲ್ಲಿಯದು? ಹಳೆಯ ಚಿತ್ರಗಳನ್ನು ಆಧರಿಸಿ ಬರೆದರು. ಇಂದು ಪ್ರತಾಪ ಎಂದೊಡನೆ ಜನರ ಮನಸ್ಸಿನಲ್ಲಿ ಮೂಡುವ ಮುಖದ ರಚನೆಯಲ್ಲಿ ಆ ಚಿತ್ರದ ಪಾಲೂ ಇದೆ.

ತಮ್ಮನ ಪಾತ್ರವನ್ನು ಇಲ್ಲಿ ಮರೆಯುವಂತಿಲ್ಲ. ರಾಜರಾಜ ವರ್ಮ ಸ್ವತಃ ಒಳ್ಳೆಯ ಭೂದೃಶ್ಯ ಚಿತ್ರಕಾರ. ಅಣ್ಣನ ಅನೇಕ ಚಿತ್ರಗಳ ಹಿನ್ನೆಲೆಯ ಬೆಟ್ಟ, ನೀರು, ಆಕಾಶ ಅವರ ಕೈಯವು. ಪತ್ರವ್ಯವಹಾರ, ಲೆಕ್ಕಪತ್ರ, ಪ್ರಯಾಣದ ಏರ್ಪಾಡುಗಳ ಹೊರೆಯನ್ನೂ ಅವರು ಹೊತ್ತಿದ್ದರು. 1895ರಿಂದ 1904ರವರೆಗೆ ಅವರು ಇಂಗ್ಲಿಷಿನಲ್ಲಿ ಬರೆದ ದಿನಚರಿ ಉಳಿದುಬಂದಿದೆ. ರೈಲು ಪಯಣ, ಅರಮನೆಯ ಹಜಾರದಲ್ಲಿ ಕಾಯುವಿಕೆ, ಬಾರದ ಹಣ, ಸಂಜೆಯ ನಾಟಕ ಮತ್ತು ಹಾಡುಗಾರಿಕೆ ಎಲ್ಲವೂ ಅದರಲ್ಲಿವೆ. ರವಿವರ್ಮರನ್ನು ದೇವಲೋಕದ ಪುರುಷನಂತೆ ಚಿತ್ರಿಸುವ ಬರಹಗಳಿಗಿಂತ ಈ ದಿನಚರಿಯಲ್ಲಿ ಕಾಣುವ ದುಡಿಮೆಗಾರ ಹೆಚ್ಚು ನಂಬುವಂತಿದ್ದಾನೆ.

1888ರಲ್ಲಿ ಸಯಾಜಿರಾವ್ ತಮ್ಮ ಹೊಸ ಲಕ್ಷ್ಮೀವಿಲಾಸ ಅರಮನೆಗೆ 14 ಪೌರಾಣಿಕ ಚಿತ್ರಗಳನ್ನು ಬರೆದುಕೊಡುವಂತೆ ಕೇಳಿದರು. ಸಂಭಾವನೆ 50,000 ರೂಪಾಯಿ. ಆ ಕಾಲಕ್ಕೆ ಭಾರತೀಯ ಕಲಾವಿದನೊಬ್ಬನಿಗೆ ಊಹಿಸಲಾಗದ ಮೊತ್ತ. ಕೆಲಸಕ್ಕೆ ಕೈ ಹಾಕುವ ಮೊದಲು ಸೋದರರು ಉತ್ತರ ಭಾರತವನ್ನು ಸುತ್ತಿದರು. ಪುರಾಣದ ಕಾಲದ ಉಡುಗೆ ಹೇಗಿತ್ತು ಎಂಬುದನ್ನು ಕಣ್ಣಾರೆ ಕಂಡು ತಿಳಿಯುವುದು ಉದ್ದೇಶ. ಹೋದಲ್ಲೆಲ್ಲ ಬೇರೆ ಬೇರೆ ಉಡುಗೆಗಳು ಕಂಡವೇ ಹೊರತು ದೇಶಕ್ಕೆಲ್ಲ ಒಂದಾದ ಉಡುಗೆ ಸಿಗಲಿಲ್ಲ. ಕಡೆಗೆ ರವಿವರ್ಮರ ನಾಯಕಿಯರು ಬಹುಪಾಲು ಸೀರೆ ಉಟ್ಟರು. ದಮಯಂತಿಯೂ ದ್ರೌಪದಿಯೂ ಪಶ್ಚಿಮ ಮತ್ತು ದಕ್ಷಿಣ ಭಾರತದ ಮನೆಗಳ ಹೆಣ್ಣುಮಕ್ಕಳಂತೆ ಕಂಡರು. ಇತಿಹಾಸದ ದೃಷ್ಟಿಯಿಂದ ಇದು ಸರಿಯಲ್ಲ. ಆದರೆ ಮುಂದೆ ರಂಗಭೂಮಿ ಮತ್ತು ಸಿನಿಮಾಗಳು ಇದನ್ನೇ ಪ್ರಮಾಣವೆಂದು ಒಪ್ಪಿಕೊಂಡವು.

ಸಮುದ್ರ ದಾಟಿ ಅವರು ಎಂದೂ ಹೋಗಲಿಲ್ಲ. ಅವರ ಚಿತ್ರಗಳು ಹೋದವು. 1893ರ ಷಿಕಾಗೋ ವಿಶ್ವಮೇಳದಲ್ಲಿ ಭಾರತದ ವಿವಿಧ ಪ್ರಾಂತಗಳ ಮಹಿಳೆಯರನ್ನು ಕುರಿತ ಹತ್ತು ಚಿತ್ರಗಳು ಪ್ರದರ್ಶನಗೊಂಡು ಪದಕ ಪಡೆದವು.

ಹನ್ನೊಂದು ಮಂದಿಯ ಮೇಳ

ಮೈಸೂರಿನೊಂದಿಗೆ ರವಿವರ್ಮರ ಸಂಬಂಧ ಆರಂಭವಾದದ್ದು 1885ರಲ್ಲಿ, ಹತ್ತನೇ ಚಾಮರಾಜ ಒಡೆಯರ ಆಹ್ವಾನದ ಮೇಲೆ. ಮಹಾರಾಜರ ಮತ್ತು ಕುಟುಂಬದ ಭಾವಚಿತ್ರಗಳು ಅಂದಿನ ಕೆಲಸ. ಚಾಮರಾಜ ಒಡೆಯರು ಪಿಟೀಲು ನುಡಿಸುತ್ತಿದ್ದರು. ವೀಣೆ ಶೇಷಣ್ಣನವರಂಥ ವಿದ್ವಾಂಸರು ಅವರ ಆಸ್ಥಾನದಲ್ಲಿದ್ದರು. ಅರಮನೆಯ ನಾಟಕ ಮಂಡಳಿಗಾಗಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದ್ದೂ ಇದೇ ದಶಕದಲ್ಲಿ. ಶಕುಂತಲೆಯ ಚಿತ್ರದಿಂದ ಹೆಸರಾದ ಕಲಾವಿದ ಶಕುಂತಲೆ ಕನ್ನಡ ಮಾತಾಡಲು ಕಲಿತ ಊರಿಗೆ ಬಂದಿದ್ದರು.

ಮೈಸೂರಿಗಾಗಿ ಬರೆದ ಸುಮಾರು 1889ರ 'ಗಾಯಕಿಯರ ಮೇಳ' ಅವರ ಕಲೆ, ವೃತ್ತಿ, ಸಂಚಾರ ಮೂರೂ ಒಂದೇ ಕಡೆ ಕೂಡಿದ ಚಿತ್ರ. ಹನ್ನೊಂದು ಮಂದಿ ಸ್ತ್ರೀಯರು ಒತ್ತೊತ್ತಾಗಿ ಕುಳಿತು ನಿಂತಿದ್ದಾರೆ. ವೀಣೆ ಹಿಡಿದವಳಿದ್ದಾಳೆ, ನಾಯರ್ ಉಡುಗೆಯವಳು, ಮರಾಠಿ ಕಚ್ಚೆಯ ಸೀರೆಯವಳು, ಮುಸ್ಲಿಂ ಕಲಾವಿದೆ, ಹಿಂದೆ ಟೋಪಿ ಧರಿಸಿದ ಯುರೋಪಿಯನ್ ಉಡುಪಿನವಳು. ದೇಶವನ್ನು ಸುತ್ತದೆ ಇಂಥ ಚಿತ್ರ ಬರೆಯಲು ಬರುವುದಿಲ್ಲ. ಸೆರಗು ಯಾವ ಭುಜದ ಮೇಲೆ ಬೀಳುತ್ತದೆ, ಮೂಗುತಿ ಯಾವ ಕಡೆ, ಹಣೆಯ ಬೊಟ್ಟು ಎಷ್ಟಗಲ ಎಂಬುದೆಲ್ಲ ಆಯಾ ಸೀಮೆಗೆ ಹೋಗಿ ನೋಡಿದವನಿಗೆ ಮಾತ್ರ ಗೊತ್ತು.

ಹಾಗೆಂದು ಇದನ್ನು ಕಛೇರಿಯೆಂದು ಕರೆದರೆ ತಪ್ಪಾದೀತು. ಈ ಹನ್ನೊಂದು ಮಂದಿಯ ಸಂಗೀತ ಪದ್ಧತಿ ಒಂದಲ್ಲ, ನೋಟ ಒಂದೇ ಕಡೆಗಿಲ್ಲ. ಒಬ್ಬಳು ಇನ್ನೊಬ್ಬಳ ಕಡೆ ಕಿವಿಗೊಟ್ಟಂತೆಯೂ ಕಾಣುವುದಿಲ್ಲ. ನಿಜದಲ್ಲಿ ಇವರು ಒಂದು ಜಮಖಾನೆಯ ಮೇಲೆ ಕೂಡುವ ಸಂಭವವೇ ಇರಲಿಲ್ಲ. ಪ್ರತ್ಯೇಕವಾಗಿ ಬರೆದ ಹನ್ನೊಂದು ಭಾವಚಿತ್ರಗಳನ್ನು ತಂದು ಒಂದೇ ಚೌಕಟ್ಟಿನಲ್ಲಿ ಕೂರಿಸಿದಂತಿದೆ. ಭಾರತ ಎಂಬುದನ್ನು ಒಂದೇ ನೋಟಕ್ಕೆ ಸಿಗುವಂತೆ ಮಾಡಬೇಕೆಂಬ ಆಸೆ ಅಂದು ಕಾಂಗ್ರೆಸ್ಸಿನ ಅಧಿವೇಶನಗಳಲ್ಲಿ ಇದ್ದಂತೆ ಈ ಚಿತ್ರದಲ್ಲೂ ಇದೆ. ಶ್ರುತಿ ಇನ್ನೂ ಕೂಡಿಲ್ಲ ಎಂಬುದನ್ನು ಕಲಾವಿದ ಮುಚ್ಚಿಟ್ಟಿಲ್ಲ.

ಮುದ್ರಣಾಲಯದ ಕಥೆ ಎಲ್ಲರಿಗೂ ತಿಳಿದದ್ದೇ. ಒಬ್ಬ ಕಲಾವಿದ ಎಷ್ಟು ಜನರಿಗೆಂದು ಬರೆದುಕೊಟ್ಟಾನು, ಚಿತ್ರಗಳನ್ನು ಓಲಿಯೋಗ್ರಾಫ್ ಮಾಡಿಸಿ ಎಂದು ಮಾಧವರಾವ್ 1884ರಲ್ಲೇ ಪತ್ರ ಬರೆದಿದ್ದರು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮುದ್ರಣಾಲಯ ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಪಟಗಳು ಊರೂರಿಗೆ ಹೋದವು. ಮನೆಗಳಲ್ಲಿ ಅವಕ್ಕೆ ಜರಿ, ಮಿಣುಕು ಅಂಟಿಸಿ ಸಿಂಗರಿಸಿದರು. ವ್ಯವಹಾರ ಮಾತ್ರ ಸಾಲದಲ್ಲಿ ಮುಳುಗಿ, ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಕರ್ ಪಾಲಾಯಿತು. ಕೋಟ್ಯಂತರ ಜನರಿಗೆ ದೇವರ ಮುಖ ಕೊಟ್ಟ ಉದ್ಯಮ ಅದರ ಒಡೆಯನಿಗೆ ನಷ್ಟವನ್ನೇ ತಂದಿತು; ಹೊಟ್ಟೆ ಹೊರೆಯಲು ಅವರು ಮತ್ತೆ ಅರಮನೆಗಳ ಭಾವಚಿತ್ರಗಳಿಗೇ ಮರಳಬೇಕಾಯಿತು.

ಕೊನೆಯ ಒಂಬತ್ತು ಚಿತ್ರಗಳು

1897ರ ಬೆಂಕಿಯಲ್ಲಿ ಮೈಸೂರಿನ ಹಳೆಯ ಅರಮನೆ ಸುಟ್ಟುಹೋಗಿ ಹೊಸದು ಏಳುತ್ತಿದ್ದ ಕಾಲ. 1904ರಲ್ಲಿ ಯುವ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಒಂಬತ್ತು ಪೌರಾಣಿಕ ಚಿತ್ರಗಳಿಗೆ ರವಿವರ್ಮರನ್ನು ನಿಯೋಜಿಸಿದರು. ಕೆಲಸ ಇನ್ನೂ ಮುಂದುವರಿಯಬೇಕಿತ್ತು. 1905ರ ಜನವರಿಯಲ್ಲಿ ರಾಜರಾಜ ವರ್ಮ ತೀರಿಕೊಂಡರು. ಅವರಿಗಿನ್ನೂ 44. ಕಾಲು ಶತಮಾನ ಜೊತೆಗಿದ್ದ ಬಲಗೈ ಇಲ್ಲವಾಯಿತು. ಮಧುಮೇಹದಿಂದ ಬಳಲುತ್ತಿದ್ದ ರವಿವರ್ಮರು ಮಗ ರಾಮವರ್ಮರ ನೆರವಿನಿಂದ ಒಪ್ಪಿಕೊಂಡ ಕೆಲಸವನ್ನು ಪೂರೈಸಿದರು. ಸೀತೆಯನ್ನು ಹೊತ್ತೊಯ್ಯುವ ರಾವಣ ಜಟಾಯುವಿನ ರೆಕ್ಕೆ ಕತ್ತರಿಸುವುದು, ರಾಮ ಸಮುದ್ರರಾಜನ ಗರ್ವ ಇಳಿಸುವುದು, ಕೌರವರ ಸಭೆಗೆ ಕೃಷ್ಣ ಸಂಧಾನಕ್ಕೆ ಬರುವುದು ಈ ಸಾಲಿನ ಚಿತ್ರಗಳು. ಹಿಂದಿನ ಚಿತ್ರಗಳಲ್ಲಿ ಓಲೆ ಬರೆಯುವ, ಹಂಸದ ಮಾತು ಕೇಳುವ ನಾಯಕಿಯರು ತುಂಬಿದ್ದರೆ, ಇಲ್ಲಿ ಕೋಪ, ಕತ್ತಿ ಮತ್ತು ಬಿರುಗಾಳಿಗಳೇ ಹೆಚ್ಚು.

1906ರ ಅಕ್ಟೋಬರ್ 2ರಂದು ರವಿವರ್ಮರು ತಿರುವಾಂಕೂರಿನಲ್ಲಿ ನಿಧನರಾದರು. ಅವರು ತೀರಿಕೊಂಡ ಮರುವರ್ಷವೇ ಆನಂದ ಕುಮಾರಸ್ವಾಮಿಯವರ ಕಟು ಟೀಕೆ ಪ್ರಕಟವಾಯಿತು: ಕಲ್ಪನೆಯಿಲ್ಲ, ನಾಟಕೀಯತೆ ಹೆಚ್ಚು, ದೇವತೆಗಳು ಸಾಮಾನ್ಯ ಮನುಷ್ಯರಂತಿದ್ದಾರೆ ಎಂಬುದು ಅದರ ಸಾರ. ಸೋದರಿ ನಿವೇದಿತಾ ಕೂಡ ಶಕುಂತಲೆಯ ಭಂಗಿಯನ್ನು ಒಪ್ಪಿರಲಿಲ್ಲ. ಬಂಗಾಳದ ಹೊಸ ಪಂಥ ಮೇಲುಗೈ ಪಡೆದು, ವಿದ್ವತ್ ವಲಯದಲ್ಲಿ ಅವರ ಹೆಸರು ಹಲವು ದಶಕ ಮಂಕಾಯಿತು. ಟೀಕೆಯಲ್ಲಿ ಹುರುಳಿಲ್ಲದಿಲ್ಲ, ಕೆಲವು ಚಿತ್ರಗಳಲ್ಲಿ ಪಾತ್ರಗಳು ಪರದೆ ಏಳುವುದನ್ನೇ ಕಾಯುತ್ತಿರುವ ನಟರಂತೆ ನಿಂತಿರುವುದು ನಿಜ. ಆದರೆ ದೇವತೆಗಳು ಮನುಷ್ಯರಂತಿದ್ದಾರೆ ಎಂಬ ಆಕ್ಷೇಪವನ್ನು ಬದುಕಿಡೀ ಮನುಷ್ಯರ ಮುಖ ಬರೆದ ಕಲಾವಿದನ ಮೇಲೆ ಹೊರಿಸುವುದು ಎಷ್ಟು ಸರಿ ಎಂಬುದು ಬೇರೆ ಮಾತು. 1979ರಲ್ಲಿ ಭಾರತ ಸರ್ಕಾರ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತೆಂದು ಘೋಷಿಸಿ, ದೇಶದಿಂದ ಹೊರಗೆ ಸಾಗಿಸುವುದನ್ನು ನಿರ್ಬಂಧಿಸಿತು.

ಮೈಸೂರಿನ ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಈ ಕೊನೆಯ ಚಿತ್ರಗಳೂ ಹನ್ನೊಂದು ಗಾಯಕಿಯರ ಮೇಳವೂ ಸೇರಿವೆ. ಅಲ್ಲಿಗೆ ಹೋಗುವವರು ಒಂದು ಸಂಗತಿಯನ್ನು ನೆನಪಿಡುವುದು ಒಳ್ಳೆಯದು. ಜನ ಹೆಚ್ಚಾಗಿ ಹುಡುಕಿಕೊಂಡು ಹೋಗುವ, ಅಂಗೈ ಮರೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ರವಿವರ್ಮರದಲ್ಲ. ಅವರು ತೀರಿಕೊಂಡ ಸುಮಾರು ನಾಲ್ಕು ದಶಕಗಳ ಮೇಲೆ ಎಸ್.ಎಲ್. ಹಲ್ದಂಕರ್ ಅದನ್ನು ಬರೆದರು, ಅದೂ ಜಲವರ್ಣದಲ್ಲಿ.